ಉಪಗ್ರಹಗಳಿಂದ ಸ್ಥಾನನಿರ್ಣಯ ಮತ್ತು ಸಹಕಾರದ ಅವಶ್ಯಕತೆ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ, ಭೂಗೋಳ ವಿಭಾಗ)

ತಾನು ಎಲ್ಲಿದ್ದೇನೆ ಎಂಬುದನ್ನು ತಿಳಿಯುವ ಆಸೆ ಮನುಷ್ಯನಿಗೆ ಹೊಸದಲ್ಲ. ಹಡಗಿನವನು ಧ್ರುವನಕ್ಷತ್ರವನ್ನು ನೋಡಿ ದಿಕ್ಕು ತಿಳಿದನು. ನಮ್ಮ ಕಡೆಯ ರೈತನು ಬೇವಿನ ಮರ, ಬನ್ನಿಯ ಗಿಡ, ಹದ್ದಿನ ಕಲ್ಲುಗಳಿಂದ ತನ್ನ ಹೊಲವನ್ನು ಗುರುತಿಸಿಕೊಂಡನು. ಇಂದು ಅದೇ ಕೆಲಸವನ್ನು ಭೂಮಿಯ ಸುತ್ತ ತಿರುಗುವ ಕೃತಕ ಉಪಗ್ರಹಗಳು ಮಾಡುತ್ತಿವೆ. ರಾಯಚೂರಿನ ತೀನ್ ಕಂದೀಲಿನಲ್ಲಿ ನಿಂತ ಆಟೋ ಚಾಲಕನ ಮೊಬೈಲು ಕೂಡ ಆತನಿರುವ ಸ್ಥಳವನ್ನು ಕ್ಷಣಮಾತ್ರದಲ್ಲಿ ತೋರಿಸುತ್ತದೆ. ಆದರೆ ದಾರಿ ತೋರಿಸುವಷ್ಟು ತಿಳಿಯುವುದು ಬೇರೆ, ಶಾಸ್ತ್ರಕ್ಕೆ ಬೇಕಾದಷ್ಟು ನಿಖರವಾಗಿ ತಿಳಿಯುವುದು ಬೇರೆ. ಈ ಎರಡರ ನಡುವಣ ಅಂತರವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಮಾನ್ವಿ ತಾಲ್ಲೂಕಿನ ಏಳು ಬಾವಿಗಳ ದಡದಲ್ಲಿ ಸೋತು ಕಲಿತೆನು.

ಈ ಲೇಖನದಲ್ಲಿ ಮೂರು ಮಾತುಗಳನ್ನು ವಾಚಕರ ಮುಂದಿಡಬೇಕೆಂದಿದ್ದೇನೆ. ಉಪಗ್ರಹಗಳಿಂದ ಸ್ಥಾನವನ್ನು ಕಂಡುಹಿಡಿಯುವುದು ಹೇಗೆ ಎಂಬುದು ಮೊದಲನೆಯದು. ನಾವು ನಾಲ್ವರು ಮಿತ್ರರು ಮಾಡಿದ ಪ್ರಯತ್ನ ಏಕೆ ಕೆಟ್ಟಿತು ಎಂಬುದು ಎರಡನೆಯದು. ರಾಯಚೂರು, ದೇವದುರ್ಗ, ಮಾನ್ವಿ ಈ ಮೂರು ಊರುಗಳ ಕಾಲೇಜುಗಳು ಕೂಡಿಕೊಂಡರೆ ಯಂತ್ರಗಳನ್ನೂ ಮಾಹಿತಿಯನ್ನೂ ಹೇಗೆ ಹಂಚಿಕೊಳ್ಳಬಹುದು ಎಂಬುದು ಮೂರನೆಯದು.

ಮೊದಲು ಶಾಸ್ತ್ರದ ವಿಚಾರ. 1957ನೆಯ ಅಕ್ಟೋಬರ್ 4ರಂದು ರಷ್ಯನರು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದಾಗ ಅಮೆರಿಕದ ವಿಜ್ಞಾನಿಗಳು ಅದರ ಧ್ವನಿಯನ್ನು ನೆಲದಿಂದ ಆಲಿಸಿದರು. ಹತ್ತಿರ ಬರುವ ರೈಲಿನ ಸಿಳ್ಳು ದಪ್ಪಗೂ ದೂರ ಹೋಗುವಾಗ ಸಣ್ಣಗೂ ಕೇಳುವುದಿಲ್ಲ; ಅದು ಹತ್ತಿರ ಬರುವಾಗ ಏರಿ, ದೂರ ಹೋಗುವಾಗ ಇಳಿಯುತ್ತದೆ. ಉಪಗ್ರಹದ ರೇಡಿಯೊ ಅಲೆಗಳಲ್ಲಿಯೂ ಅಂಥ ಏರಿಳಿತವನ್ನು ಕಂಡು ಅವರು ಅದರ ಹಾದಿಯನ್ನು ಲೆಕ್ಕ ಹಾಕಿದರು. ನೆಲದ ಸ್ಥಾನ ಗೊತ್ತಿದ್ದರೆ ಉಪಗ್ರಹದ ಹಾದಿ ತಿಳಿಯುವುದಾದರೆ, ಉಪಗ್ರಹದ ಹಾದಿ ಗೊತ್ತಿದ್ದಾಗ ನೆಲದ ಸ್ಥಾನವೂ ತಿಳಿಯಬೇಕಲ್ಲವೆ? ಈ ತಿರುಗುಮುರುಗಿನ ಯೋಚನೆಯಿಂದಲೇ ಈ ಶಾಸ್ತ್ರವು ಹುಟ್ಟಿತು. ಜಿ.ಪಿ.ಎಸ್. ಎಂಬ ಅಮೆರಿಕದ ವ್ಯವಸ್ಥೆಯ ಮೊದಲ ಉಪಗ್ರಹ 1978ರಲ್ಲಿ ಏರಿತು. 1995ರಲ್ಲಿ ಆ ವ್ಯವಸ್ಥೆ ಪೂರ್ಣವಾಯಿತು. ನಮ್ಮ ದೇಶವೂ 2013ರ ಜುಲೈ 1ರಿಂದ 2016ರ ಏಪ್ರಿಲ್ 28ರ ವರೆಗೆ ಏಳು ಉಪಗ್ರಹಗಳನ್ನು ಹಾರಿಸಿ 'ನಾವಿಕ್' ಎಂಬ ಸ್ವಂತ ವ್ಯವಸ್ಥೆಯನ್ನು ಕಟ್ಟಿತು. ಅದರ ನೆಲದ ಕೇಂದ್ರವು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿದೆ.

ಜಿ.ಪಿ.ಎಸ್. ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ತಿರುಗುತ್ತವೆ. ಪ್ರತಿಯೊಂದು ಉಪಗ್ರಹವೂ ತನ್ನ ಗಡಿಯಾರದ ವೇಳೆಯನ್ನೂ ತಾನಿರುವ ಜಾಗವನ್ನೂ ರೇಡಿಯೊ ಮೂಲಕ ಸಾರುತ್ತಲೇ ಇರುತ್ತದೆ. ಆ ಅಲೆ ನೆಲ ಮುಟ್ಟಲು ಎಷ್ಟು ಹೊತ್ತು ಹಿಡಿಯಿತೆಂದು ನಮ್ಮ ಕೈಯಲ್ಲಿರುವ ರಿಸೀವರ್ ಅಳೆಯುತ್ತದೆ. ಅಲೆಯ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ವೇಳೆಯನ್ನು ವೇಗದಿಂದ ಗುಣಿಸಿದರೆ ದೂರ ಬಂತು. ಮೂರು ಉಪಗ್ರಹಗಳಿಂದ ದೂರ ತಿಳಿದರೆ ಸ್ಥಾನ ಸಿಕ್ಕಬೇಕು. ಆದರೆ ರಿಸೀವರಿನ ಗಡಿಯಾರ ಉಪಗ್ರಹದ ಪರಮಾಣು ಗಡಿಯಾರದಷ್ಟು ಖಚಿತವಲ್ಲವಾದ್ದರಿಂದ ಅದರ ತಪ್ಪನ್ನು ಕಂಡುಹಿಡಿಯಲು ನಾಲ್ಕನೆಯ ಉಪಗ್ರಹವೂ ಬೇಕಾಗುತ್ತದೆ. ಗಡಿಯಾರವು ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ತಪ್ಪಿದರೂ ದೂರದಲ್ಲಿ 300 ಮೀಟರ್ ತಪ್ಪು ಬೀಳುತ್ತದೆ! ಗಡಿಯಾರದ ಮಹತ್ವ ಇಷ್ಟು ದೊಡ್ಡದು. ನಾವಿಕ್‌ನ ಮೊದಲನೆಯ ಉಪಗ್ರಹದ ಮೂರು ಗಡಿಯಾರಗಳೂ ಕೆಟ್ಟುನಿಂತುದು 2017ರಲ್ಲಿ ಪ್ರಕಟವಾಯಿತು. 2023ರ ಮೇ 29ರಂದು ಏರಿದ ಎನ್.ವಿ.ಎಸ್.-01 ಉಪಗ್ರಹದಲ್ಲಿ ಸ್ವದೇಶದಲ್ಲೇ ಮಾಡಿದ ಪರಮಾಣು ಗಡಿಯಾರವನ್ನು ಇಟ್ಟು ಕಳುಹಿಸಿದರು.

ಗಡಿಯಾರದ ಮಾತು ಹಾಗಿರಲಿ. ಅಲೆಯು ಬರುವ ಹಾದಿಯಲ್ಲಿಯೂ ತೊಡಕುಗಳುಂಟು. ಮೇಲಿನ ವಾಯುಮಂಡಲದಲ್ಲಿ ಬಿಸಿಲಿನಿಂದ ವಿದ್ಯುತ್ ಕಣಗಳು ತುಂಬಿದ ಅಯಾನುಮಂಡಲವೆಂಬ ಪದರವಿದೆ. ಅದು ಅಲೆಯನ್ನು ತಡೆದು ತಡಮಾಡುತ್ತದೆ. ಭೂಕಾಂತೀಯ ವಿಷುವದ್ರೇಖೆಯು ನಮ್ಮ ದೇಶದ ದಕ್ಷಿಣದ ತುದಿಯ ಬಳಿಯಲ್ಲೇ ಹಾದುಹೋಗುವುದರಿಂದ ದಕ್ಷಿಣ ಭಾರತದಲ್ಲಿ ಈ ತೊಂದರೆ ಹೆಚ್ಚು. ಮಧ್ಯಾಹ್ನದ ಮೇಲೂ ಸೂರ್ಯಾಸ್ತದ ನಂತರವೂ ಅದು ಚೆನ್ನಾಗಿ ಕಾಣಿಸುತ್ತದೆ. ಇವೆಲ್ಲ ಸೇರಿ ಒಂಟಿ ರಿಸೀವರು ಹೇಳುವ ಸ್ಥಾನದಲ್ಲಿ ಕೆಲವು ಮೀಟರುಗಳ ತಪ್ಪು ಉಳಿದೇ ಉಳಿಯುತ್ತದೆ.

ಈ ತಪ್ಪನ್ನು ಕಳೆಯುವ ಉಪಾಯ ಬಹಳ ಸರಳವಾದುದು. ಮಾನ್ವಿಯ ಸಂತೆಯಲ್ಲಿ ಒಂದು ತಕ್ಕಡಿ ಇದೆ ಎಂದಿಟ್ಟುಕೊಳ್ಳಿರಿ. ಅದರಲ್ಲಿ ಸರಿಯಾದ ಒಂದು ಕಿಲೋ ಬಟ್ಟನ್ನಿಟ್ಟಾಗ ಅದು 1,050 ಗ್ರಾಂ ತೋರಿಸಿತು. ಆಗ ತಕ್ಕಡಿ 50 ಗ್ರಾಂ ಹೆಚ್ಚು ಹೇಳುತ್ತದೆಂದು ತಿಳಿಯಿತು. ಇನ್ನು ಮೇಲೆ ತೂಗುವುದರಲ್ಲೆಲ್ಲ ಅದನ್ನು ಕಳೆದರಾಯಿತು. ಉಪಗ್ರಹ ಶಾಸ್ತ್ರದಲ್ಲಿಯೂ ಹೀಗೆಯೇ. ಸ್ಥಾನ ಮೊದಲೇ ಗೊತ್ತಿರುವ ಒಂದು ಕಡೆ ಒಂದು ರಿಸೀವರನ್ನು ಅಲ್ಲಾಡದಂತೆ ನಿಲ್ಲಿಸಬೇಕು. ಇನ್ನೊಂದನ್ನು ನಮಗೆ ಬೇಕಾದ ಕಡೆಗೆ ಒಯ್ಯಬೇಕು. ಎರಡೂ ಒಂದೇ ವೇಳೆಯಲ್ಲಿ ಅವೇ ಉಪಗ್ರಹಗಳನ್ನು ಕೇಳುತ್ತವೆ. ಎರಡರ ಮೇಲೂ ಹೆಚ್ಚುಕಡಿಮೆ ಒಂದೇ ದೋಷ ಬೀಳುತ್ತದೆ. ನಿಂತ ಯಂತ್ರದಿಂದ ದೋಷ ತಿಳಿದು, ತಿರುಗುವ ಯಂತ್ರದಿಂದ ಅದನ್ನು ಕಳೆಯಬಹುದು. ಹೀಗೆ ಮಾಡಿ, ಸುಮಾರು 19 ಸೆಂಟಿಮೀಟರ್ ಉದ್ದದ ರೇಡಿಯೊ ಅಲೆಗಳನ್ನೇ ಎಣಿಸಿದರೆ, ಮೀಟರುಗಳಲ್ಲಿದ್ದ ತಪ್ಪು ಸೆಂಟಿಮೀಟರಿಗೆ, ಕೆಲವೊಮ್ಮೆ ಮಿಲಿಮೀಟರಿಗೆ ಇಳಿಯುತ್ತದೆ. ಎಂದರೆ, ಈ ಶಾಸ್ತ್ರದಲ್ಲಿ ಒಂಟಿ ಯಂತ್ರಕ್ಕೆ ಬೆಲೆ ಕಡಿಮೆ. ಜೊತೆಯಾದಾಗಲೇ ಅದಕ್ಕೆ ಬೆಲೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ನನ್ನ ಲೇಖನದ ತಿರುಳೇ ಇದು.

ಇನ್ನು ನಮ್ಮ ಪ್ರಯತ್ನದ ಕಥೆ. ನಾನು ದೇವದುರ್ಗ ತಾಲ್ಲೂಕಿನ ಹಳ್ಳಿಯವನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ನನ್ನ ಸೋದರಮಾವನವರ ಊರು ಮಾನ್ವಿ ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಯ ಕೆಳಗೆ ಬರುತ್ತದೆ. ಅವರಿಗೆ ಎರಡು ಎಕರೆ ಹೊಲವಿತ್ತು. ಈಗಲೂ ಇದೆ, ಆದರೆ ಬೆಳೆಯಿಲ್ಲ. ಮೇಲಿನ ಗದ್ದೆಗಳ ನೀರು ನೆಲದೊಳಗೆ ಇಳಿದು ಇವರ ಹೊಲದಲ್ಲಿ ನಿಂತು ನೆಲ ಸವುಳು ಜವುಳಾಯಿತು. ಬೇಸಿಗೆಯಲ್ಲಿ ನೋಡಿದರೆ ಮಣ್ಣಿನ ಮೇಲೆ ಬಿಳಿಯ ಉಪ್ಪು ಕಟ್ಟಿರುತ್ತದೆ. ಹೊಲ ಕೆಟ್ಟ ಮೇಲೆ ಮಾವನವರು ಗೌಂಡಿ ಕೆಲಸಕ್ಕೆ ನಿಂತರು. ಬಸಿಗಾಲುವೆ ತೋಡಿದರೆ ನೀರು ಹರಿದು ಹೋಗಿ ನೆಲ ಸುಧಾರಿಸಬಹುದೆಂದು ಊರವರು ಹೇಳುತ್ತಾರೆ. ಆದರೆ ಎಲ್ಲಿ ತೋಡಬೇಕು? ನೆಲದೊಳಗಿನ ನೀರು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತಿದೆ ಎಂಬುದು ತಿಳಿಯದೆ ತೋಡಿದರೆ ದುಡಿಮೆ ನೀರಿನಲ್ಲಿ ಹೋಮವಾದೀತು.

ಭೂಗೋಳದ ಕ್ಷೇತ್ರಕಾರ್ಯಕ್ಕೆ ವಿಷಯ ಆರಿಸಬೇಕಾಗಿ ಬಂದಾಗ ನಾನು ಇದನ್ನೇ ಆರಿಸಿದೆನು. ಆ ಊರಿನಲ್ಲಿ ಏಳು ಬಾವಿಗಳಿವೆ. ಪ್ರತಿಯೊಂದು ಬಾವಿಯ ಕಟ್ಟೆಯ ಎತ್ತರವನ್ನು ಅಳೆದು, ಕಟ್ಟೆಯಿಂದ ನೀರು ಎಷ್ಟು ಕೆಳಗಿದೆ ಎಂಬುದನ್ನು ಹಗ್ಗ ಬಿಟ್ಟು ನೋಡಿ ಕಳೆದರೆ, ನೀರಿನ ಮಟ್ಟ ಎಲ್ಲಿ ಮೇಲೆ ಎಲ್ಲಿ ಕೆಳಗೆ ಎಂದು ತಿಳಿಯುತ್ತದೆ. ನೀರು ಮೇಲಿನಿಂದ ಕೆಳಕ್ಕೆ ಹರಿಯುವುದು ಸೃಷ್ಟಿನಿಯಮ. ಆ ಏಳು ಅಂಕಿಗಳು ಸಿಕ್ಕರೆ ನಕ್ಷೆಯೊಂದನ್ನು ಬರೆದು ಬಸಿಗಾಲುವೆಯ ದಿಕ್ಕನ್ನು ಊರವರಿಗೆ ತೋರಿಸಬಹುದಾಗಿತ್ತು.

ಮೊದಲು ಮೊಬೈಲನ್ನು ನಂಬಿದೆವು. ಬೆಳಿಗ್ಗೆ ಒಂದು ಬಾವಿಯ ಕಟ್ಟೆಯ ಮೇಲಿಟ್ಟು ಎತ್ತರ ಬರೆದುಕೊಂಡೆವು; ಸಂಜೆ ಅದೇ ಕಟ್ಟೆಯ ಅದೇ ಕಲ್ಲಿನ ಮೇಲಿಟ್ಟಾಗ 8 ಮೀಟರ್ ಹೆಚ್ಚು ತೋರಿಸಿತು. ಬಾವಿಗಳ ನೀರಿನಲ್ಲಿ ನಾವು ಹುಡುಕುತ್ತಿದ್ದ ವ್ಯತ್ಯಾಸವಾದರೋ ಒಂದೆರಡು ಮೊಳದ್ದು. ಕೋಳಿಯ ತೂಕವನ್ನು ಲಾರಿ ತೂಗುವ ಕಾಂಟಾದಲ್ಲಿ ನೋಡಿದಂತಾಯಿತು.

ಆ ಮೇಲೆ ನಮ್ಮ ಗುರುಗಳ ಪರಿಚಯದಿಂದ ಒಂದು ಸಂಸ್ಥೆಯ ನಿಖರವಾದ ರಿಸೀವರು ಎರಡು ದಿನದ ಮಟ್ಟಿಗೆ ಎರವಲು ದೊರೆಯಿತು. ನಾವು ಹಬ್ಬದಂತೆ ಸಂಭ್ರಮಿಸಿದೆವು. ಮೊದಲನೆಯ ದಿನ ಬ್ಯಾಟರಿ ತುಂಬಿರಲಿಲ್ಲ. ಊರಿನಲ್ಲಿ ಕರೆಂಟು ಬರುವ ಹೊತ್ತಿಗೆ ಸಂಜೆಯಾಯಿತು. ಎರಡನೆಯ ದಿನ ಏಳು ಬಾವಿಗಳ ಬಳಿಯೂ ಇಪ್ಪತ್ತು ಇಪ್ಪತ್ತು ನಿಮಿಷ ಯಂತ್ರವನ್ನು ನಿಲ್ಲಿಸಿದೆವು. ಯಂತ್ರವನ್ನು ಹಿಂದಕ್ಕೆ ಕೊಟ್ಟು ಬಂದ ನಂತರ ಒಂದೊಂದಾಗಿ ನಮ್ಮ ತಪ್ಪುಗಳು ಹೊರಬಿದ್ದವು. ಗೊತ್ತಿರುವ ಸ್ಥಾನದಲ್ಲಿ ನಿಲ್ಲಬೇಕಾದ ಎರಡನೆಯ ಯಂತ್ರ ನಮ್ಮ ಬಳಿ ಇರಲೇ ಇಲ್ಲ. ಮುಕ್ಕಾಲಿಯ ಮೇಲಿನ ಆಂಟೆನಾ ಕಟ್ಟೆಯಿಂದ ಎಷ್ಟು ಎತ್ತರದಲ್ಲಿತ್ತೆಂದು ಮೂರು ಬಾವಿಗಳ ಬಳಿ ನಾವು ಬರೆದುಕೊಂಡಿರಲಿಲ್ಲ. ಅಳತೆಗಳು ಯಂತ್ರದೊಳಗೆ, ಅದನ್ನು ತಯಾರಿಸಿದವರ ಸ್ವಂತ ಲಿಪಿಯಲ್ಲಿದ್ದವು. ಅವನ್ನು ಬಿಡಿಸುವ ತಂತ್ರಾಂಶ ನಮ್ಮಲ್ಲಿರಲಿಲ್ಲ. ವಾರದ ಮೇಲೆ ಕೇಳಲು ಹೋದಾಗ ನಮ್ಮ ನಂತರ ಯಂತ್ರ ಒಯ್ದವರು ಜಾಗ ಮಾಡಿಕೊಳ್ಳಲು ಹಳೆಯದನ್ನೆಲ್ಲ ಅಳಿಸಿಬಿಟ್ಟಿದ್ದರು. ಅವರನ್ನು ದೂರಿ ಫಲವಿಲ್ಲ. ಅಳಿಸಬೇಡಿರಿ ಎಂದು ಹೇಳಿದವರಾರು? ಬರೆದಿಡಿರಿ ಎಂದು ನಮಗೆ ಹೇಳಿದವರಾರು? ಯಂತ್ರವಿತ್ತು, ವ್ಯವಸ್ಥೆ ಇರಲಿಲ್ಲ.

ಮುಖ ಚಿಕ್ಕದು ಮಾಡಿಕೊಂಡು ಮಾವನವರ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆವು. ಅವರು ಒಳಗಿನಿಂದ ಗೌಂಡಿಗಳ ಮಟ್ಟದ ಪೈಪನ್ನು ತಂದು ನಮ್ಮ ಮುಂದೆ ಹಾಕಿದರು. ನೀರು ತುಂಬಿದ, ಆರಪಾರ ಕಾಣುವ, ಸುಮಾರು 20 ಮೀಟರ್ ಉದ್ದದ ಪೈಪು ಅದು.

"ಅಳಿಯಾ, ಇದಕ್ಕ ಇಬ್ಬರು ಬೇಕು" ಎಂದರು. "ಒಬ್ಬಾವ ಗುರ್ತಿನ ಮ್ಯಾಲ ತುದಿ ಹಿಡಕೊಂಡು ಅಳ್ಳಾಡದ ನಿಂದ್ರಬೇಕು. ಅಂದ್ರ ಇನ್ನೊಬ್ಬಾವ ಎಲ್ಲಿ ಹೋದ್ರೂ ಅವನ ಮಟ್ಟ ಖರೆ ಬರ್ತದ. ನಿಂತಾವ ಅಳ್ಳಾಡಿದ್ನೋ, ಗ್ವಾಡಿ ಸೊಟ್ಟ."

ನಾನು ಬೆರಗಾದೆನು. ಒಂದು ವಾರ ಪುಸ್ತಕ ಓದಿ ನಾನು ತಿಳಿದುಕೊಂಡ ತತ್ತ್ವವನ್ನೇ ಅಕ್ಷರ ಕಲಿಯದ ನನ್ನ ಮಾವನವರು ದಿನವೂ ಕೈಯಲ್ಲಿ ಹಿಡಿದು ದುಡಿಯುತ್ತಿದ್ದರು! ಆ ಪೈಪಿನಿಂದ ಎರಡು ದಿನ ಅಳೆದೆವು. ಇಪ್ಪತ್ತು ಮೀಟರಿಗೊಮ್ಮೆ ಗೂಟ ನೆಟ್ಟು ಮುಂದೆ ಹೋಗಬೇಕು. ಮೂರು ಬಾವಿಗಳನ್ನು ಮುಟ್ಟಿದೆವು. ಹೊರಟ ಗುರುತಿಗೆ ಹಿಂದಿರುಗಿ ನೋಡಿದಾಗ ಎರಡು ಬೆರಳಿನಷ್ಟು ವ್ಯತ್ಯಾಸ ಬಂದಿತ್ತು. ಕಾಲುವೆಯ ಬಳಿಯ ಬಾವಿಯ ನೀರು ಮಾವನವರ ಹೊಲದ ಬಾವಿಯ ನೀರಿಗಿಂತ ಒಂದು ಮೊಳ ಮೇಲಿದೆ ಎಂಬಷ್ಟು ತಿಳಿಯಿತು. ಉಳಿದ ನಾಲ್ಕು ಬಾವಿಗಳು ದೂರದಲ್ಲಿದ್ದವು, ರಜೆ ಮುಗಿಯಿತು. ನನ್ನ ವರದಿಯಲ್ಲಿ ಆ ನಾಲ್ಕು ಬಾವಿಗಳ ಮುಂದೆ ಖಾಲಿ ಗೆರೆಗಳಿವೆ. ಬಸಿಗಾಲುವೆಯ ದಿಕ್ಕನ್ನು ಹೇಳಲು ನಮಗೆ ಆಗಲಿಲ್ಲ.

ಎರವಲು ಯಂತ್ರದಿಂದ ದೊಡ್ಡ ಕೆಲಸ ಆಗುವುದಿಲ್ಲವೆಂದು ಯಾರೂ ತಿಳಿಯಬಾರದು. ಇತಿಹಾಸ ಅದಕ್ಕೆ ವಿರುದ್ಧವಾಗಿದೆ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ಬೆಂಗಳೂರಿನ ಬಳಿ ಅಳತೆಯ ಆಧಾರರೇಖೆಯೊಂದನ್ನು ಎಳೆದನು. ಅದಕ್ಕೆ ಬಳಸಿದ 100 ಅಡಿಯ ಉಕ್ಕಿನ ಸರಪಳಿಯು ಚೀನದ ಚಕ್ರವರ್ತಿಗೆಂದು ಬ್ರಿಟಿಷ್ ರಾಯಭಾರಿಗಳು ಒಯ್ದು, ಅಲ್ಲಿ ಸಲ್ಲದೆ ಹಿಂದಕ್ಕೆ ಬಂದ ವಸ್ತು. ಅವನ ದೊಡ್ಡ ಥಿಯೊಡೊಲೈಟ್ ಯಂತ್ರವು ಅರ್ಧ ಟನ್ ತೂಕದ್ದು. ಹಡಗಿನಲ್ಲಿ ಬರುವಾಗ ಅದು ಫ್ರೆಂಚರ ಕೈಗೆ ಸಿಕ್ಕಿತ್ತು. ಶಾಸ್ತ್ರದ ಸಾಧನವೆಂದು ತಿಳಿದ ಮೇಲೆ ಅವರು ಅದನ್ನು ಹಿಂದಕ್ಕೆ ಕಳುಹಿಸಿದರು. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಅದು ಬಡಿದು ವಕ್ರವಾಯಿತು. ಲ್ಯಾಂಬ್ಟನ್ ತಾನೇ ಕುಳಿತು ವಾರಗಟ್ಟಲೆ ಶ್ರಮಿಸಿ ತಿದ್ದಿದನು. ಆ ಯಂತ್ರದಿಂದ ಅಳೆಯುತ್ತ ಅವನ ಪಂಗಡವು 1811ರಲ್ಲಿ ಗುತ್ತಿಯನ್ನೂ 1815ರಲ್ಲಿ ಬೀದರಿನ ಪ್ರದೇಶವನ್ನೂ ಮುಟ್ಟಿತು. ಭೂಮಿಯ ಆಕಾರವನ್ನೇ ಅಳೆದ ಆ ಮಹಾರೇಖೆ ಹಾದುಹೋದದ್ದು ನಮ್ಮ ರಾಯಚೂರು ಸೀಮೆಯ ಪಕ್ಕದಲ್ಲಿಯೇ.

ಆ ಹಳೆಯ ಅಳತೆಗಳು ವ್ಯರ್ಥವಾಗಲಿಲ್ಲ. 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿಯ ಭೂಕಂಪವಾಯಿತು. ಮರುವರ್ಷ 1994ರಲ್ಲಿ ಬೆಂಗಳೂರಿನ ವಿಜ್ಞಾನಿಗಳು ವಿದೇಶದ ವಿಜ್ಞಾನಿಗಳೊಡನೆ ಕೂಡಿ, ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಭಾರತದಲ್ಲಿ ನೆಟ್ಟ ಸರ್ವೆಯ ಗುರುತುಗಳ ಮೇಲೆಯೇ ಜಿ.ಪಿ.ಎಸ್. ಯಂತ್ರಗಳನ್ನು ನಿಲ್ಲಿಸಿ ಮತ್ತೆ ಅಳೆದರು. ಸುಮಾರು ನೂರ ಮೂವತ್ತು ವರ್ಷಗಳಲ್ಲಿ ದಕ್ಷಿಣದ ನೆಲದ ಆಕಾರ ಅತ್ಯಲ್ಪವಾಗಿ ಮಾತ್ರ ಬದಲಾಗಿದೆ ಎಂದು ಕಂಡುಬಂದಿತು. ಇಡೀ ನೆಲವು ಒಂದು ಗಟ್ಟಿ ಹಲಗೆಯಂತೆ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿದೆ ಎಂಬುದೂ ಇಂಥ ಅಳತೆಗಳಿಂದಲೇ ತಿಳಿದ ವಿಷಯ. ಹಿಂದಿನವರು ಗುರುತಿನ ಕಲ್ಲನ್ನೂ ಅಂಕಿಗಳನ್ನೂ ಕಾಯ್ದಿಟ್ಟಿದ್ದರಿಂದ ಇದು ಸಾಧ್ಯವಾಯಿತು. ನಾವು ಒಂದು ವಾರ ಕಾಯ್ದಿಡಲಾರದೆ ಹೋದೆವು!

ಯಂತ್ರಗಳನ್ನು ಕೂಡಿ ಬಳಸುವ ಮಾರ್ಗವನ್ನು ಇತರರು ಆಗಲೇ ತುಳಿದಿದ್ದಾರೆ. 1984ರಲ್ಲಿ ಅಮೆರಿಕದ ವಿಶ್ವವಿದ್ಯಾನಿಲಯಗಳು ಕೆಲವು ಸೇರಿ 'ಯುನಾವ್ಕೊ' ಎಂಬ ಒಕ್ಕೂಟವನ್ನು ಕಟ್ಟಿದವು. ಆಗ ಒಂದು ರಿಸೀವರಿನ ಬೆಲೆಯನ್ನು ಒಂಟಿ ವಿಭಾಗವೊಂದು ಹೊರುವುದು ಕಷ್ಟವಾಗಿತ್ತು. ಯಂತ್ರಗಳನ್ನು ಒಂದು ಕಡೆ ಇಟ್ಟು, ಸಂಶೋಧಕರಿಗೆ ಸರದಿಯಂತೆ ಕೊಟ್ಟು, ಬಳಸಲು ಕಲಿಸಿ, ಅಳತೆಗಳನ್ನು ಶೇಖರಿಸಿಡುವುದು ಆ ಒಕ್ಕೂಟದ ಕೆಲಸ. 2023ರಲ್ಲಿ ಅದು ಭೂಕಂಪ ಶಾಸ್ತ್ರದ ಒಕ್ಕೂಟವೊಂದರೊಡನೆ ಸೇರಿ ಹೊಸ ಹೆಸರು ಪಡೆಯಿತು. 1989ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾನಿಲಯದಲ್ಲಿ 'ರೈನೆಕ್ಸ್' ಎಂಬ ಸಾಮಾನ್ಯ ಲಿಪಿಯನ್ನು ರೂಪಿಸಿದರು. ಯಾವ ಕಂಪನಿಯ ಯಂತ್ರವಾದರೂ ಅಳತೆಯನ್ನು ಅದರಲ್ಲಿ ಬರೆದಿಟ್ಟರೆ ಎಲ್ಲರೂ ಓದಬಹುದು. 1994ರಿಂದ ಅಂತರರಾಷ್ಟ್ರೀಯ ಸೇವೆಯೊಂದು ಜಗತ್ತಿನ ನೂರಾರು ನಿಲ್ದಾಣಗಳ ಅಳತೆಗಳನ್ನು ಬೆಲೆಯಿಲ್ಲದೆ ಹಂಚುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನ ಸಂಸ್ಥೆಯಲ್ಲಿಯೂ ಅದರ ನಿಲ್ದಾಣಗಳುಂಟು.

ಹೊರದೇಶದ ಉದಾಹರಣೆಯೇ ಬೇಕೆಂದಿಲ್ಲ. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ರೈತರು ಭಾರತದ ಮೊದಲ ಸಹಕಾರಿ ಸಂಘವನ್ನು ಕಟ್ಟಿದರು. ಒಬ್ಬನ ಗಂಟಿನಿಂದ ಆಗದುದು ಹತ್ತು ಜನರ ಗಂಟಿನಿಂದ ಆಗುತ್ತದೆಂಬ ಪಾಠ ನಮ್ಮ ನಾಡಿನದೇ. ನಮ್ಮ ರಾಯಚೂರಿನ ಮಾತನ್ನೇ ನೋಡಿರಿ. 1871ರಲ್ಲಿ ಮುಂಬಯಿಯ ಕಡೆಯಿಂದ ಒಂದು ಕಂಪನಿ, ಮದರಾಸಿನ ಕಡೆಯಿಂದ ಇನ್ನೊಂದು ಕಂಪನಿ ಹಾಕಿಕೊಂಡು ಬಂದ ರೈಲುಹಾದಿಗಳು ಕೂಡಿದ್ದು ಈ ಊರಿನಲ್ಲಿ. ಕೂಡದಿದ್ದರೆ ಎರಡೂ ಅರ್ಧ ಹಾದಿಗಳಾಗಿ ಉಳಿಯುತ್ತಿದ್ದವು.

ಈಗ ನಮ್ಮ ಯೋಜನೆಗೆ ಬರೋಣ. ರಾಯಚೂರು, ದೇವದುರ್ಗ, ಮಾನ್ವಿ ಇವು ನಕ್ಷೆಯ ಮೇಲೆ ಒಂದು ತ್ರಿಕೋನ. ನೇರ ಗೆರೆ ಎಳೆದರೆ ಬದಿಗಳು ಸುಮಾರು 40ರಿಂದ 50 ಕಿಲೋಮೀಟರ್. ಬೆಳಿಗ್ಗೆಯ ಬಸ್ಸಿಗೆ ಹೊರಟರೆ ಊಟದ ಹೊತ್ತಿಗೆ ಯಾವ ಮೂಲೆಯನ್ನಾದರೂ ಮುಟ್ಟಬಹುದು. ಹಂಚಿಕೊಳ್ಳಲು ಇದಕ್ಕಿಂತ ಅನುಕೂಲವಾದ ದೂರ ಬೇಕೆ?

ಮೊದಲನೆಯದಾಗಿ, ಕೊಳ್ಳುವ ಮುನ್ನ ಇದ್ದುದನ್ನು ಎಣಿಸಬೇಕು. ಭಾರತೀಯ ಸರ್ವೇಕ್ಷಣ ಇಲಾಖೆಯು ಈಚಿನ ವರ್ಷಗಳಲ್ಲಿ ಕರ್ನಾಟಕದಲ್ಲಿಯೂ ಹಗಲಿರುಳು ಉಪಗ್ರಹಗಳನ್ನು ಆಲಿಸುವ ಸ್ಥಿರ ನಿಲ್ದಾಣಗಳನ್ನು ನಿಲ್ಲಿಸಿದೆ. ಗೊತ್ತಿರುವ ಸ್ಥಾನದಲ್ಲಿ ನಿಲ್ಲುವ ಯಂತ್ರದ ಕೆಲಸವನ್ನು ಅವು ಮಾಡಬಲ್ಲವು. ಹಾಗಿದ್ದಲ್ಲಿ ನಾವು ಸ್ಥಿರ ಯಂತ್ರಕ್ಕೆ ಹಣ ಸುರಿಯದೆ ತಿರುಗುವ ಯಂತ್ರಗಳನ್ನು ಮಾತ್ರ ಕೊಂಡರೆ ಸಾಕು. ನಮ್ಮ ಊರಿನ ಕೃಷಿ ವಿಶ್ವವಿದ್ಯಾನಿಲಯ, ಇತರ ತಾಂತ್ರಿಕ ಶಿಕ್ಷಣ ಸಂಸ್ಥೆಗಳನ್ನೂ ಕೇಳಬೇಕು. ಯಾರ ಬಳಿ ಯಾವ ಯಂತ್ರವಿದೆ, ವರ್ಷದಲ್ಲಿ ಎಷ್ಟು ದಿನ ಕಪಾಟಿನಲ್ಲಿ ಇರುತ್ತದೆ ಎಂಬ ಪಟ್ಟಿಯೊಂದನ್ನು ಮಾಡುವುದಕ್ಕೆ ಕಾಗದ ಪೆನ್ಸಿಲಿನ ಹೊರತು ಖರ್ಚಿಲ್ಲ.

ಎರಡನೆಯದಾಗಿ, ಸರದಿಯನ್ನು ಋತುಮಾನದಂತೆ ಗೊತ್ತುಮಾಡಬೇಕು. ಒಂದು ಕಾಲೇಜಿನ ಭೂಗೋಳ ತರಗತಿಗೆ ವರ್ಷದಲ್ಲಿ ಇಪ್ಪತ್ತು ದಿನ ಯಂತ್ರ ಸಿಕ್ಕರೆ ಧಾರಾಳವಾಯಿತು. ಮೂರು ಕಾಲೇಜುಗಳಿಗೆ ಅರುವತ್ತು ದಿನ. ಉಳಿದ ದಿನಗಳಲ್ಲಿ ಅದು ಸುಮ್ಮನೆ ಇರುತ್ತದೆ. ಮೂವರೂ ಬೇರೆ ಬೇರೆ ಕೊಂಡರೆ ಮೂರು ಯಂತ್ರಗಳು ಸುಮ್ಮನೆ ಇರುತ್ತವೆ. ಆದರೆ ಮೂವರಿಗೂ ಒಂದೇ ದಿನ ಬೇಕೆಂದರೆ ಜಗಳ ತಪ್ಪದು. ಮಾನ್ವಿಯಲ್ಲಿ ಬಾವಿಗಳ ಮಟ್ಟವನ್ನು ಕಾಲುವೆಗೆ ನೀರು ಬಿಡುವ ಮುನ್ನ ಬೇಸಿಗೆಯ ಕೊನೆಯಲ್ಲಿ ಒಮ್ಮೆ, ಬಿಟ್ಟ ಮೇಲೆ ಒಮ್ಮೆ ಅಳೆಯಬೇಕು. ದೇವದುರ್ಗದಲ್ಲಿ ಕೃಷ್ಣೆಯ ಪ್ರವಾಹ ಏರಿದ ಗುರುತುಗಳನ್ನು ಮಳೆಗಾಲ ಮುಗಿದ ಕೂಡಲೇ, ಗೋಡೆಯ ಮೇಲಿನ ಕೆಸರಿನ ಗೆರೆ ಅಳಿಸುವ ಮುನ್ನ ಅಳೆಯಬೇಕು. 2009ರ ಮಹಾಪ್ರವಾಹದ ಗುರುತುಗಳನ್ನು ಹಾಗೆ ಅಳೆದಿಟ್ಟಿದ್ದರೆ ಇಂದು ನಮ್ಮ ತರಗತಿಗೆ ಎಂಥ ಪಾಠವಾಗುತ್ತಿತ್ತು! ರಾಯಚೂರಿನ ಕೋಟೆಕೊತ್ತಲಗಳ ನಕ್ಷೆಯನ್ನು ಚಳಿಗಾಲದಲ್ಲಿ ಮಾಡಬಹುದು. ಹೀಗೆ ನೋಡಿದರೆ ಋತುಗಳೇ ಸರದಿಯನ್ನು ಹಂಚಿಕೊಟ್ಟಿವೆ.

ಮೂರನೆಯದಾಗಿ, ಯಂತ್ರದ ಜೊತೆಗೆ ಪೆಟ್ಟಿಗೆಯೊಂದು ಹೋಗಬೇಕು. ಅದರಲ್ಲಿ ತುಂಬಿದ ಬ್ಯಾಟರಿಗಳು ಎರಡು, ಮುಕ್ಕಾಲಿ, ಅಳತೆಪಟ್ಟಿ, ಕ್ಷೇತ್ರಪತ್ರ ಇರಬೇಕು. ಪತ್ರದಲ್ಲಿ ಸ್ಥಳ, ತಾರೀಖು, ಆರಂಭದ ಮತ್ತು ಅಂತ್ಯದ ವೇಳೆ, ಯಂತ್ರದ ಸಂಖ್ಯೆ, ಅಳೆದವರ ಹೆಸರು, ಆಂಟೆನಾದ ಎತ್ತರ ಬರೆಯಬೇಕು. ಎತ್ತರವನ್ನು ಆರಂಭದಲ್ಲಿ ಒಮ್ಮೆ, ಅಂತ್ಯದಲ್ಲಿ ಒಮ್ಮೆ ಅಳೆಯಬೇಕು. ಗುರುತಿನ ಕಲ್ಲನ್ನು ಎರೆಯ ಭೂಮಿಯಲ್ಲಿ ನೆಡಬಾರದು. ಎರೆ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಕಲ್ಲು ಏರಿ ಇಳಿಯುತ್ತದೆ. ರಾಯಚೂರಿನ ಗುಡ್ಡದ ಕಲ್ಲುಬಂಡೆಯಂಥ ಗಟ್ಟಿ ನೆಲವೇ ಇದಕ್ಕೆ ಯೋಗ್ಯ.

ನಾಲ್ಕನೆಯದಾಗಿ, ಅಳತೆಗಳ ರಕ್ಷಣೆ. ಯಂತ್ರವನ್ನು ಹಿಂದಿರುಗಿಸುವ ದಿನವೇ ಮೂಲ ಅಳತೆಯನ್ನೂ ಅದರ ರೈನೆಕ್ಸ್ ಪ್ರತಿಯನ್ನೂ ತೆಗೆದು ಎರಡು ಊರುಗಳಲ್ಲಿ ಇಡಬೇಕು. ಅದಾಗುವವರೆಗೆ ಯಂತ್ರವನ್ನು ಮುಂದಿನವರಿಗೆ ಕೊಡಬಾರದು. ಅಳೆದ ವಿದ್ಯಾರ್ಥಿಗಳು ವರದಿ ಒಪ್ಪಿಸುವವರೆಗೆ, ಹೆಚ್ಚೆಂದರೆ ಒಂದು ಶೈಕ್ಷಣಿಕ ವರ್ಷ, ಅದು ಅವರದಾಗಿರಲಿ. ಆ ಮೇಲೆ ಎಲ್ಲರದಾಗಲಿ. ಅಳೆದವರ ಹೆಸರು ಮಾತ್ರ ಅದರೊಡನೆ ಉಳಿಯಲಿ. ರೈತರ ಹೆಸರನ್ನೂ ಸರ್ವೆ ನಂಬರನ್ನೂ ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸಬಾರದು.

ಐದನೆಯದಾಗಿ, ಮನುಷ್ಯನ ವಿಚಾರ. ಯಂತ್ರಕ್ಕೆ ಎಷ್ಟು ಹಣ ಬೇಕೆಂದು ಎಲ್ಲರೂ ಕೇಳುತ್ತಾರೆ. ಮೂರನೆಯ ವರ್ಷ ಬ್ಯಾಟರಿ ಸತ್ತಾಗ ಯಾರು ಕೊಡುವರೆಂದು ಯಾರೂ ಕೇಳುವುದಿಲ್ಲ. ಕೊಳ್ಳುವ ದಿನವೇ ಐದು ವರ್ಷದ ದುರಸ್ತಿಯ ಹಣವನ್ನು ಬೇರೆ ತೆಗೆದಿಡಬೇಕು. ಮೂರು ಕಾಲೇಜುಗಳ ಅಧ್ಯಾಪಕರಲ್ಲಿ ಒಬ್ಬರು ಸರದಿಯಂತೆ ಇದರ ಹೊಣೆ ಹೊರಬೇಕು. ಅಂತಿಮ ವರ್ಷದವರು ಕಾಲೇಜು ಬಿಡುವ ಮುನ್ನ ಎರಡನೆಯ ವರ್ಷದವರಿಗೆ ಎರಡು ದಿನ ಹೊಲದಲ್ಲಿ ನಿಂತು ಕಲಿಸಬೇಕು.

ಒಂದು ಎಚ್ಚರಿಕೆಯ ಮಾತನ್ನೂ ಇಲ್ಲಿ ಹೇಳಬೇಕು. ಉಪಗ್ರಹವು ಹೇಳುವ ಎತ್ತರ ಸಮುದ್ರಮಟ್ಟದಿಂದ ಎಣಿಸಿದ್ದಲ್ಲ. ಅದು ಗಣಿತದ ನಯವಾದ ಗೋಲದಿಂದ ಎಣಿಸಿದ್ದು. ನಮ್ಮ ರೈಲು ನಿಲ್ದಾಣದ ಫಲಕದಲ್ಲಿ ಬರೆದಿರುವ ಎತ್ತರಕ್ಕೂ ಅದಕ್ಕೂ ದಕ್ಷಿಣ ಭಾರತದಲ್ಲಿ ಹತ್ತಾರು ಮೀಟರುಗಳ ವ್ಯತ್ಯಾಸ ಬರುತ್ತದೆ. ಈ ವ್ಯತ್ಯಾಸ ಊರಿಂದೂರಿಗೆ ಸ್ವಲ್ಪ ಸ್ವಲ್ಪ ಬದಲಾಗುತ್ತದೆ. ಒಂದೇ ಊರಿನ ಬಾವಿಗಳನ್ನು ತಮ್ಮತಮ್ಮಲ್ಲಿ ಹೋಲಿಸುವಾಗ ಚಿಂತೆಯಿಲ್ಲ. ದೇವದುರ್ಗದ ಎತ್ತರವನ್ನು ಮಾನ್ವಿಯ ಎತ್ತರದೊಡನೆ ಹೋಲಿಸುವಾಗ ಇದನ್ನು ತಿದ್ದಲೇಬೇಕು. ನೀರು ಭೂಮಿಯ ಸೆಳೆತಕ್ಕೆ ತಲೆಬಾಗುತ್ತದೆಯೇ ಹೊರತು ನಮ್ಮ ಗಣಿತದ ಗೋಲಕ್ಕಲ್ಲ.

ಇದೆಲ್ಲ ಬಿ.ಎ. ವಿದ್ಯಾರ್ಥಿಗೆ ಏಕೆ, ಇಂಜಿನಿಯರುಗಳ ಕೆಲಸವಲ್ಲವೆ ಎಂದು ಕೇಳುವವರುಂಟು. ಅವರಿಗೆ ನನ್ನ ವಿನಯಪೂರ್ವಕವಾದ ಉತ್ತರವಿದು: ಯಂತ್ರವನ್ನು ಮಾಡುವುದು ಅವರ ಕೆಲಸ, ನಿಜ. ಆದರೆ ಯಾವ ಬಾವಿಯನ್ನು ಅಳೆಯಬೇಕು, ಯಾರ ಹೊಲ ಸವುಳಾಯಿತು, ಯಾವ ಗೋಡೆಯ ಮೇಲೆ ಪ್ರವಾಹದ ಗೆರೆ ಇದೆ ಎಂಬುದನ್ನು ಬಲ್ಲವರು ಆ ಊರುಗಳಿಂದ ಬಂದ ನಾವು. ಪ್ರಶ್ನೆ ನಮ್ಮದಾಗಿರುವಾಗ ಅಳತೆಯೂ ನಮ್ಮದಾಗಬೇಕು.

ಇನ್ನು ಎರಡು ತಿಂಗಳಿಗೆ ನಾನು ಈ ಕಾಲೇಜನ್ನು ಬಿಡುತ್ತೇನೆ. ಕಳೆದ ಸಲ ಊರಿಗೆ ಹೋದಾಗ ಮಾವನವರು, "ನಿಮ್ಮ ಲೆಕ್ಕ ಎಲ್ಲೀತನ ಬಂತಪಾ?" ಎಂದು ಕೇಳಿದರು. ನಾಲ್ಕು ಬಾವಿ ಉಳಿದಿವೆ ಎಂದೆನು. "ಹಂಗಾರ ನೀ ಹೋದ ಮ್ಯಾಲ ಯಾರ ಬರ್ತಾರ?" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಾವು ಪೈಪು ಹಿಡಿದು ಅಳೆದ ಮೂರು ಬಾವಿಗಳ ಲೆಕ್ಕವನ್ನೂ, ಹೊರಟ ಗುರುತಿನ ಕಲ್ಲು ಎಲ್ಲಿದೆ ಎಂಬ ನಕ್ಷೆಯನ್ನೂ, ನಮ್ಮ ತಪ್ಪುಗಳ ಪಟ್ಟಿಯನ್ನೂ ಬರೆದು ಭೂಗೋಳ ವಿಭಾಗದ ಕಪಾಟಿನಲ್ಲಿ ಇಟ್ಟಿದ್ದೇನೆ. ಮುಂದಿನ ವರ್ಷದ ಮಿತ್ರರಲ್ಲಿ ಯಾರಾದರೂ ಅದನ್ನು ತೆಗೆದು, ಬೇಸಿಗೆ ಮುಗಿಯುವುದರೊಳಗೆ ಆ ಊರಿಗೆ ಹೋಗಿ ಉಳಿದ ನಾಲ್ಕು ಗೆರೆಗಳನ್ನು ತುಂಬಬೇಕು. ಯಂತ್ರ ಸಿಕ್ಕರೆ ಯಂತ್ರದಿಂದ. ಸಿಗದಿದ್ದರೆ ಮಾವನವರ ಮನೆಯಲ್ಲಿ ಪೈಪು ಇದೆ, ಇನ್ನೊಂದು ತುದಿ ಹಿಡಿಯಲು ಅವರು ಬರುತ್ತೇನೆಂದಿದ್ದಾರೆ. ಇದೇ ನನ್ನ ನಮ್ರ ನಿವೇದನೆ.